ದೇವನಹಳ್ಳಿಯ ಹುಡುಗ, ಕಾರ್ನ್‌ವಾಲಿಸನ ಬಂದೂಕು

ಏರ್‌ಪೋರ್ಟ್ ರೋಡು ನಮಗೆಲ್ಲ ಚೆನ್ನಾಗಿ ಗೊತ್ತು. ಯಾರನ್ನೋ ಬಿಟ್ಟು ಬರೋಕೆ, ಇಲ್ಲಾಂದ್ರೆ ಬೆಳಗಿನ ಜಾವ ಬೈಕ್ ಹತ್ತಿ ನಂದಿ ಬೆಟ್ಟಕ್ಕೆ ಹೋಗೋಕೆ ಎಷ್ಟೋ ಸಲ ಆ ದಾರಿ ಹಿಡಿದಿದ್ದೇವೆ. ಆದರೆ ನಡುವೆ ಸಿಗುವ ದೇವನಹಳ್ಳಿಯಲ್ಲಿ ಇಳಿದು ಕೋಟೆ ನೋಡಿದವರು ನಮ್ಮಲ್ಲಿ ಎಷ್ಟು ಜನ? ಇಂಟರ್ನಲ್ಸ್ ಮುಗಿದ ಒಂದು ಭಾನುವಾರ ಕನ್ನಡ ಸಂಘದ ಐದಾರು ಜನ ಹೋಗಿ ಬಂದೆವು.

ಕೋಟೆ ಗೋಡೆ ಇನ್ನೂ ಗಟ್ಟಿಯಾಗಿದೆ. ಒಳಗೆ ಊರಿದೆ, ಮನೆಗಳಿವೆ, ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ. ಕೋಟೆಯಿಂದ ಸ್ವಲ್ಪ ದೂರದಲ್ಲಿ ಕಲ್ಲಿನ ಕಂಬಗಳ ಒಂದು ಪುಟ್ಟ ಮಂಟಪ. ಅದರಲ್ಲೊಂದು ಫಲಕ. ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ ಅದು. ಮೇಲೆ ಐದು-ಹತ್ತು ನಿಮಿಷಕ್ಕೊಂದು ವಿಮಾನ ಹಾರುತ್ತಿತ್ತು. ಮಂಟಪದಲ್ಲಿ ನಾವು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ನಾವು ಅಲ್ಲಿಗೆ ಹೋಗಲು ಕಾರಣ ಒಂದು ಬಂದೂಕು. ಅದು ದೇವನಹಳ್ಳಿಯಲ್ಲಿಲ್ಲ, ಕರ್ನಾಟಕದಲ್ಲೂ ಇಲ್ಲ. 2023ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸರ್ಕಾರ ಒಂದು ಹಳೇ ಬೇಟೆ ಬಂದೂಕು ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕ ತಡೆ ಹಾಕಿತು. ಬೆಲೆ 20 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 20 ಕೋಟಿ ರೂಪಾಯಿ. ಉದ್ದ 138 ಸೆಂಟಿಮೀಟರ್. ಗಟ್ಟಿ ಮರದ ಹಿಡಿಗೆ ಬೆಳ್ಳಿ ಕುಸುರಿ, ಉಕ್ಕಿನ ನಳಿಕೆಗೆ ಚಿನ್ನ ಬೆಳ್ಳಿಯ ಕೆತ್ತನೆ. ಹಕ್ಕಿ ಬೇಟೆಗೆ ಅಂತ ಮಾಡಿದ್ದು. ಮಾಡಿಸಿದವನು ಟಿಪ್ಪು. ಅವನು ಸತ್ತ ಮೇಲೆ ಅದು ಜನರಲ್ ಕಾರ್ನ್‌ವಾಲಿಸನಿಗೆ ಉಡುಗೊರೆಯಾಗಿ ಹೋಯಿತು ಎಂದು ತಜ್ಞರು ಭಾವಿಸುತ್ತಾರೆ. ಹೈಸ್ಕೂಲಿನಲ್ಲಿ ನಾವು ಉರು ಹೊಡೆದ ಕಾಯಂ ಜಮೀನ್ದಾರಿ ಪದ್ಧತಿಯ ಕಾರ್ನ್‌ವಾಲಿಸ್ ಇವನೇ.

ಸುದ್ದಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಬಂದೂಕು ತಯಾರಾದ ವರ್ಷ. 1793-94. ಆ ವರ್ಷ ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಟಿಪ್ಪುವಿನ ಕತೆಯನ್ನು ಮೊದಲಿಂದ ಹೇಳಬೇಕು.

1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿಗೆ ಮುತ್ತಿಗೆ ಹಾಕಿತು. ಕೋಟೆ ಆಗ ಪಾಳೆಯಗಾರರ ಕೈಯಲ್ಲಿತ್ತು. ಮುತ್ತಿಗೆ ಹಾಕಿದ ಸೈನ್ಯದಲ್ಲಿ ಹೈದರ್ ಅಲಿ ಎಂಬ, ಓದು ಬರಹ ಬಾರದ ಒಬ್ಬ ಸೈನಿಕನಿದ್ದ. ಅಲ್ಲಿ ತೋರಿದ ಧೈರ್ಯದಿಂದಲೇ ಅವನ ಹೆಸರು ಮೇಲಿನವರ ಕಿವಿಗೆ ಬಿತ್ತು. ಮುಂದಿನ ವರ್ಷ, 1750ರ ನವೆಂಬರ್ 20ರಂದು, ಅದೇ ಊರಿನಲ್ಲಿ ಅವನಿಗೆ ಮಗ ಹುಟ್ಟಿದ. ತಾಯಿ ಫಾತಿಮಾ ಫಖ್ರುನ್ನೀಸಾ. ಆರ್ಕಾಟಿನ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ಹೆಸರನ್ನೇ ಮಗುವಿಗೆ ಇಟ್ಟರು. ಆಗ ಅವನು ಯಾವ ರಾಜಕುಮಾರನೂ ಅಲ್ಲ, ಒಬ್ಬ ಸೈನಿಕನ ಮಗ ಅಷ್ಟೇ.

ಅಪ್ಪ ಮೇಲೆ ಮೇಲೆ ಹೋದ. ಹತ್ತು-ಹನ್ನೆರಡು ವರ್ಷಗಳಲ್ಲಿ ಮೈಸೂರಿನ ಅಧಿಕಾರವೆಲ್ಲ ಹೈದರನ ಕೈಗೆ ಬಂತು. ತನಗೆ ಓದು ಸಿಗಲಿಲ್ಲ ಅನ್ನೋದಕ್ಕೋ ಏನೋ, ಮಗನಿಗೆ ಒಳ್ಳೆ ಗುರುಗಳನ್ನಿಟ್ಟು ಓದಿಸಿದ. ಜೊತೆಗೆ ಕುದುರೆ, ಕತ್ತಿ, ಬಂದೂಕು. ಹದಿನೈದು ಹದಿನಾರನೇ ವಯಸ್ಸಿಗೇ ಟಿಪ್ಪು ಅಪ್ಪನ ಜೊತೆ ಯುದ್ಧಕ್ಕೆ ಹೊರಟ. ನಾವು ಸಿಇಟಿಗೆ ಓದುವ ವಯಸ್ಸು ಅದು.

1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧ. ಕರ್ನಲ್ ಬೈಲಿಯ ಕಂಪನಿ ಸೈನ್ಯವನ್ನು ಅಪ್ಪ ಮಗ ಸೇರಿ ಪೂರ್ತಿ ಸೋಲಿಸಿದರು. ಮೈಸೂರಿನ ರಾಕೆಟ್‌ಗಳ ಹೆಸರು ದೂರ ದೂರ ಹೋದದ್ದು ಆ ಯುದ್ಧದಿಂದ. ಅಲ್ಲಿಯವರೆಗೆ ಬಿದಿರು, ಕಾಗದದ ಕೊಳವೆಗಳಲ್ಲಿ ಮದ್ದು ತುಂಬುವುದು ರೂಢಿಯಾಗಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಕೊಳವೆ ಗಟ್ಟಿಯಾದಷ್ಟೂ ಒಳಗಿನ ಒತ್ತಡ ಹೆಚ್ಚು ತಡೆಯುತ್ತದೆ, ರಾಕೆಟ್ ಹೆಚ್ಚು ದೂರ ಹೋಗುತ್ತದೆ. ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡುವಾಗ ಮೈಸೂರಿನಿಂದ ಹೋದ ಮಾದರಿಗಳು ಅಲ್ಲಿದ್ದವು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. 32 ವರ್ಷದ ಟಿಪ್ಪು ಪಟ್ಟಕ್ಕೆ ಬಂದ. 1784ರಲ್ಲಿ ಮಂಗಳೂರಿನ ಒಪ್ಪಂದದೊಂದಿಗೆ ಎರಡನೇ ಮೈಸೂರು ಯುದ್ಧ ಮುಗಿಯಿತು.

ಇಲ್ಲಿಂದ ಮುಂದಿನ ಟಿಪ್ಪುವನ್ನು ಎಂಜಿನಿಯರಿಂಗ್ ಓದುವವರು ಸ್ವಲ್ಪ ಗಮನವಿಟ್ಟು ನೋಡಬೇಕು. ಯುರೋಪಿನವರ ಬಂದೂಕು ಚೆನ್ನಾಗಿದೆ ಅಂತ ಗೊತ್ತಾದಾಗ ಬಹಳಷ್ಟು ರಾಜರು ಅದನ್ನು ಕೊಂಡುಕೊಂಡರು. ಟಿಪ್ಪುವಿಗೆ ಅದನ್ನು ಮಾಡೋದು ಹೇಗೆ ಅನ್ನೋದೇ ಬೇಕಿತ್ತು. ಅವನು ಕಳಿಸಿದ ಮೂವರು ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆ 16ನೇ ಲೂಯಿಯ ಹತ್ತಿರ ಹೋದರು. ಸೈನ್ಯದ ನೆರವಿನ ಜೊತೆಗೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು: ಬಂದೂಕು ಮಾಡುವವರು, ಗಡಿಯಾರ ಮಾಡುವವರು, ಗಾಜು, ಪಿಂಗಾಣಿ ಮಾಡುವವರು. ಸೈನ್ಯದ ನೆರವು ಸಿಗಲಿಲ್ಲ. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯೇ ಆಗಿಹೋಯಿತು. ಆದರೆ ಕೆಲವು ಕುಶಲಕರ್ಮಿಗಳು ರಾಯಭಾರಿಗಳ ಜೊತೆ ಹಡಗು ಹತ್ತಿ ಬಂದರು.

ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ, ಈ ಊರುಗಳಲ್ಲಿ ಕಾರ್ಖಾನೆಗಳು ನಡೆದವು. ಬೆಂಗಳೂರಿನ ತಾರಾಮಂಡಲ ಪೇಟೆಯ ಹೆಸರನ್ನು ಆ ಕಾಲದ ರಾಕೆಟ್ ಕೆಲಸದ ಜೊತೆ ಇವತ್ತಿಗೂ ಸೇರಿಸಿ ಹೇಳುತ್ತಾರೆ. ಅರಸನ ಸ್ವಂತ ಬಳಕೆಯ ಬಂದೂಕುಗಳ ಗುರುತು ಎಲ್ಲಿದ್ದರೂ ಸಿಗುತ್ತದೆ. ಹುಲಿಯ ಪಟ್ಟೆ, ಹುಲಿಯ ತಲೆ, ಬೆಳ್ಳಿ ಕೆಲಸ. ಮೇಲೆ ಮಾಡಿದವನ ಹೆಸರು, ಮಾಡಿದ ಊರು, ಮಾಡಿದ ವರ್ಷ. ಆ ವರ್ಷವೂ ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಪಂಚಾಂಗದ್ದು, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಕ್ಯಾಲೆಂಡರನ್ನೂ ಬಿಡಲಿಲ್ಲ ನೋಡಿ ಈ ಮನುಷ್ಯ.

ಹಾಗಂತ ಬರೀ ಹೊಗಳಿಕೆಯಲ್ಲಿ ಮುಗಿಯುವ ಜೀವನ ಅಲ್ಲ ಇದು. ಕೊಡಗಿನಲ್ಲಿ, ಮಲಬಾರಿನಲ್ಲಿ, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಟಿಪ್ಪುವಿನ ಹೆಸರಿಗೆ ಬೇರೆಯೇ ನೆನಪಿದೆ. ಊರು ಬಿಡಿಸಿ ಸಾವಿರಾರು ಜನರನ್ನು ಸೆರೆ ಒಯ್ದ ನೆನಪು ಅದು. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಮಠಕ್ಕೆ ಹಣ ಕಳಿಸಿ ಸ್ವಾಮಿಗಳಿಗೆ ಗೌರವದಿಂದ ಕಾಗದ ಬರೆದವನೂ ಇವನೇ. ನಮ್ಮ ಸಂಘದಲ್ಲೇ ಇದರ ಬಗ್ಗೆ ಜೋರು ಚರ್ಚೆಗಳಾಗಿವೆ. ಕೊಡಗಿನ ಗೆಳೆಯರಿದ್ದಾರೆ, ಶ್ರೀರಂಗಪಟ್ಟಣದವರಿದ್ದಾರೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಜೀವನ ಚರಿತ್ರೆ ಆಗೋದಿಲ್ಲ ಅನ್ನೋದಷ್ಟು ಮಾತ್ರ ಎಲ್ಲರೂ ಒಪ್ಪಿದ್ದೇವೆ.

ಈಗ ಕಾರ್ನ್‌ವಾಲಿಸ್ ಬರುತ್ತಾನೆ. 1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾಗಿದ್ದ ಸೇನಾಧಿಪತಿ. ಐದು ವರ್ಷದ ನಂತರ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಮೂರನೇ ಮೈಸೂರು ಯುದ್ಧದಲ್ಲಿ ತಾನೇ ದಂಡಿನ ಮುಂದೆ ನಿಂತು 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಹಿಡಿದ. ಅಲ್ಲಿಂದ ಉತ್ತರಕ್ಕೆ ಹೊರಟ. ನಾವು ನಂದಿಗೆ ಹೋಗುವ ದಿಕ್ಕೇ ಅದು. ದೇವನಹಳ್ಳಿ ಶರಣಾಯಿತು, ಚಿಕ್ಕಬಳ್ಳಾಪುರವೂ ಶರಣಾಯಿತು. ಟಿಪ್ಪು ಹುಟ್ಟಿದ ಊರು, ಅವನು ಯೂಸುಫಾಬಾದ್ ಅಂತ ಹೊಸ ಹೆಸರಿಟ್ಟ ಊರು, ಹೀಗೆ ಕಾರ್ನ್‌ವಾಲಿಸನ ಪಾಲಾಯಿತು.

ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಹೋದ. ಮಳೆ ಹಿಡಿಯಿತು, ಕಾಳು ಮುಗಿಯಿತು, ಎತ್ತುಗಳು ಸತ್ತವು. ಎಳೆಯಲು ಎತ್ತಿಲ್ಲದೆ ತನ್ನದೇ ಭಾರಿ ಫಿರಂಗಿಗಳನ್ನು ಕೈಯಾರೆ ಹಾಳುಮಾಡಿ ಬೆಂಗಳೂರಿಗೆ ವಾಪಸ್ ಬಂದ. ಸಪ್ಲೈ ಚೈನ್ ಕೈಕೊಟ್ಟರೆ ಎಂಥ ದೊಡ್ಡ ಸೈನ್ಯವೂ ಹೀಗೇ. ಮಳೆಗಾಲ ಕಳೆದ ಮೇಲೆ ನಂದಿದುರ್ಗಕ್ಕೆ ಮುತ್ತಿಗೆ. ಅದು ಬಿದ್ದದ್ದು 1791ರ ಅಕ್ಟೋಬರ್ 19ಕ್ಕೆ. ಯಾರ್ಕ್‌ಟೌನ್ ಆಗಿ ಸರಿಯಾಗಿ ಹತ್ತು ವರ್ಷ.

1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣ. ಈ ಸಲ ಕಂಪನಿಯ ಜೊತೆ ನಿಜಾಮನ ಸೈನ್ಯ, ಮರಾಠರ ಸೈನ್ಯ ಎರಡೂ ಇದ್ದವು. ಟಿಪ್ಪು ಸಂಧಿಗೆ ಒಪ್ಪಲೇಬೇಕಾಯಿತು. ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಆ ಹಣ ತೀರುವವರೆಗೆ ಒತ್ತೆಯಾಗಿ ಇಬ್ಬರು ಮಕ್ಕಳು. ದೊಡ್ಡವನು ಅಬ್ದುಲ್ ಖಾಲಿಕ್, ಸುಮಾರು ಹತ್ತು ವರ್ಷ. ಚಿಕ್ಕವನು ಮುಯಿಜುದ್ದೀನ್, ಸುಮಾರು ಎಂಟು. ಫೆಬ್ರವರಿ 26ರಂದು ಆನೆಗಳ ಮೇಲೆ ಕೂತು ಆ ಮಕ್ಕಳು ಶತ್ರುವಿನ ಬಿಡಾರಕ್ಕೆ ಹೋದರು. ಕಾರ್ನ್‌ವಾಲಿಸ್ ಅವರನ್ನು ಕೈ ಹಿಡಿದು ಬರಮಾಡಿಕೊಂಡು ಒಬ್ಬೊಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಇಂಗ್ಲೆಂಡಿನಲ್ಲಿ ಇದನ್ನು ಎಷ್ಟೋ ಚಿತ್ರಗಳಲ್ಲಿ ಬರೆದರು. ಆ ಚಿತ್ರಗಳಲ್ಲೆಲ್ಲ ಕಾರ್ನ್‌ವಾಲಿಸ್ ಅಪ್ಪನ ಹಾಗೆ ಕಾಣುತ್ತಾನೆ. ಮಕ್ಕಳ ನಿಜವಾದ ಅಪ್ಪ ಕೋಟೆಯೊಳಗಿದ್ದ.

ಮಕ್ಕಳನ್ನು ಮದ್ರಾಸಿಗೆ ಕರೆದುಕೊಂಡು ಹೋದರು. ಎರಡು ವರ್ಷ ಅಲ್ಲಿದ್ದರು. ಟಿಪ್ಪು ಕಂತು ಕಂತಾಗಿ ಹಣ ಕಟ್ಟಿದ. ಹಣ ತೀರಿದ ಮೇಲೆ, 1794ರ ಮಾರ್ಚಿನಲ್ಲಿ, ಕ್ಯಾಪ್ಟನ್ ಡವ್‌ಟನ್ ಎಂಬ ಅಧಿಕಾರಿ ಇಬ್ಬರನ್ನೂ ವಾಪಸ್ ಕರೆತಂದು ಅಪ್ಪನಿಗೆ ಒಪ್ಪಿಸಿದ. ಎಲ್ಲಿ ಗೊತ್ತಾ? ದೇವನಹಳ್ಳಿಯಲ್ಲಿ.

ಬಂದೂಕಿನ ಮೇಲಿರುವ ವರ್ಷ ಇದೇ. ಅರ್ಧ ರಾಜ್ಯ ಹೋಗಿದೆ, ಬೊಕ್ಕಸ ಬರಿದಾಗಿದೆ, ಮಕ್ಕಳು ಶತ್ರುವಿನ ಮನೆಯಲ್ಲಿದ್ದಾರೆ, ಇಲ್ಲವೇ ಈಗಷ್ಟೇ ಮನೆಗೆ ಬಂದಿದ್ದಾರೆ. ಆ ಹೊತ್ತಿನಲ್ಲಿ ಮೈಸೂರಿನ ಒಬ್ಬ ಕಮ್ಮಾರ ಅರೆಯಿಟ್ಟು ಕೂತು ಹಕ್ಕಿ ಬೇಟೆಗೆ ಒಂದು ಕೋವಿ ಮಾಡುತ್ತಿದ್ದಾನೆ. ಅವನ ಹೆಸರು ಅಸದ್ ಖಾನ್ ಮುಹಮ್ಮದ್. ಬಂದೂಕಿನ ಮೇಲೆ ಸಹಿ ಇದೆ.

ಅವನು ಮಾಡಿದ್ದೇನು ಅಂತ ಸ್ವಲ್ಪ ನೋಡೋಣ. ಬಂದೂಕು 14 ಬೋರಿನದು. ಬೋರ್ ಲೆಕ್ಕ ನಮಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಸುಲಭ. ಒಂದು ಪೌಂಡ್ ಸೀಸವನ್ನು 14 ಸಮಭಾಗ ಮಾಡಿ, ಒಂದು ಭಾಗವನ್ನು ಗುಂಡಗೆ ಉಂಡೆ ಕಟ್ಟಿದರೆ ಆ ಉಂಡೆ ನಳಿಕೆಯಲ್ಲಿ ಸರಿಯಾಗಿ ಕೂರಬೇಕು. ಒಂದು ಭಾಗ ಅಂದರೆ 32.4 ಗ್ರಾಂ. ಸೀಸದ ಸಾಂದ್ರತೆ ಹಾಕಿ ಲೆಕ್ಕ ಮಾಡಿದರೆ ವ್ಯಾಸ ಸುಮಾರು 17.6 ಮಿಲಿಮೀಟರ್ ಬರುತ್ತದೆ. ನಾವು ಬಸ್ಸಿನಲ್ಲಿ ವಾಪಸ್ ಬರ್ತಾ ಮೊಬೈಲಿನಲ್ಲೇ ಮಾಡಿದ ಲೆಕ್ಕ, ಬೇಕಾದ್ರೆ ನೀವೂ ಮಾಡಿ ನೋಡಿ.

ಈ ಬಂದೂಕು ಚಕಮಕಿ ಕಲ್ಲಿನದು. ಕುದುರೆ ಎಳೆದು ಬಿಟ್ಟರೆ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ಕಿಡಿ ಪಕ್ಕದ ಬಟ್ಟಲಿನ ಮದ್ದಿಗೆ ತಾಗುತ್ತದೆ, ಅಲ್ಲಿಂದ ಸಣ್ಣ ತೂತಿನ ಮೂಲಕ ಬೆಂಕಿ ನಳಿಕೆಯೊಳಗೆ ಹೋಗುತ್ತದೆ. ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಬಾಯಿಂದ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿಯಬೇಕು. ಚೆನ್ನಾಗಿ ಪಳಗಿದ ಸಿಪಾಯಿಗೂ ನಿಮಿಷಕ್ಕೆ ಎರಡು ಮೂರು ಸಲ ಮಾತ್ರ ಸಾಧ್ಯ. ಹಕ್ಕಿ ಅಷ್ಟು ಹೊತ್ತು ಕಾಯುತ್ತಾ? ಅದಕ್ಕೇ ಅಸದ್ ಖಾನನ ಬಂದೂಕಿನಲ್ಲಿ ಮತ್ತೆ ಮದ್ದು ತುಂಬದೆ ಎರಡು ಸಲ ಹಾರಿಸುವ ವ್ಯವಸ್ಥೆ ಇದೆ.

ಇಂಥ ಬಂದೂಕು ಇದೊಂದೇ ಅಲ್ಲ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಇನ್ನೊಂದು ಎರಡು ಗುಂಡಿನ ಬೇಟೆ ಬಂದೂಕು 7,22,500 ಪೌಂಡಿಗೆ ಹೋಯಿತು. ಅದರಲ್ಲಿ ಒಂದೇ ನಳಿಕೆಯೊಳಗೆ ಒಂದರ ಹಿಂದೆ ಒಂದು ಎರಡು ಸುತ್ತಿನ ಮದ್ದು ತುಂಬಬೇಕು. ಮುಂದಿನದು ಮೊದಲು ಹಾರಬೇಕು, ಆಮೇಲೆ ಹಿಂದಿನದು. ಮುಂದಿನ ಬೆಂಕಿ ಹಿಂದಕ್ಕೆ ನುಸುಳಿದರೆ ಎರಡೂ ಒಟ್ಟಿಗೆ ಹೊತ್ತಿ ನಳಿಕೆ ಸಿಡಿಯುವ ಭಯ. ಅಂದರೆ ನಡುವಿನ ಒತ್ತು ಪಕ್ಕಾ ಇರಬೇಕು, ನಳಿಕೆಯ ಒಳಮೈ ಒಂದೇ ಸಮ ಇರಬೇಕು. ಫಿಟ್ಟಿಂಗ್ ಲ್ಯಾಬಿನಲ್ಲಿ ಎರಡು ಚೂರು ಕಬ್ಬಿಣವನ್ನು ಬೆಳಕು ನುಸುಳದ ಹಾಗೆ ಅರೆಯಲು ನಾವು ಇಡೀ ಸೆಮಿಸ್ಟರ್ ಒದ್ದಾಡಿದ್ದು ನೆನಪಿದೆ ತಾನೆ? ಇವತ್ತಿನ ಥರದ ಲೇತ್ ಇಲ್ಲ, ಮೈಕ್ರೋಮೀಟರ್ ಇಲ್ಲ. ಕೈ, ಕಣ್ಣು, ಅರ. ಮೇಲಾಗಿ ಅದನ್ನು ಹೆಗಲಿಗೆ ಇಟ್ಟು ಹಾರಿಸುವವನು ದೇಶದ ದೊರೆ.

1799ರಲ್ಲಿ ಕಂಪನಿ ಸೈನ್ಯ ಕೊನೆಯ ಸಲ ಬಂತು. ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆಗೋಡೆ ಒಡೆದ ಕಡೆಯಿಂದ ಸೈನಿಕರು ನುಗ್ಗಿದರು. ಟಿಪ್ಪು ಊಟ ಅರ್ಧಕ್ಕೆ ಬಿಟ್ಟು ಎದ್ದುಬಂದ. ಗೋಡೆಯ ಮೇಲೆ ಸಾಮಾನ್ಯ ಸೈನಿಕನ ಹಾಗೆ ನಿಂತು ತಾನೇ ಗುಂಡು ಹಾರಿಸಿದ. ಸೇವಕರು ಒಂದೊಂದೇ ಬಂದೂಕಿಗೆ ಮದ್ದು ತುಂಬಿ ಅವನ ಕೈಗೆ ಕೊಡುತ್ತಿದ್ದರು. ಸಂಜೆ ಹೊತ್ತಿಗೆ ಒಂದು ಬಾಗಿಲ ಹತ್ತಿರ ಹೆಣಗಳ ರಾಶಿಯಲ್ಲಿ ಅವನ ದೇಹ ಸಿಕ್ಕಿತು. 48 ವರ್ಷ. ಅವತ್ತು ದಾಳಿಯ ಮುಂದಾಳು ಡೇವಿಡ್ ಬೇರ್ಡ್. ಪೊಳ್ಳಿಲೂರಿನಲ್ಲಿ ಸೆರೆ ಸಿಕ್ಕು ಅದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಬಂದಿಯಾಗಿದ್ದವನು.

ಆಮೇಲೆ ನಡೆದದ್ದು ಹಂಚಿಕೆ. ಸಿಂಹಾಸನವನ್ನು ತುಂಡು ಮಾಡಿ ಹಂಚಿದರು. ಕತ್ತಿ, ಬಂದೂಕು, ಪುಸ್ತಕ, ಟಿಪ್ಪು ಗುಟ್ಟಾಗಿ ಬರೆದಿಟ್ಟ ಕನಸುಗಳ ಪುಸ್ತಕ, ಎಲ್ಲ ಹಡಗು ಹತ್ತಿದವು. ಹೆಸರಾಂತ ಸೇನಾಧಿಕಾರಿಗಳಿಗೆ ಅರಸನ ಆಯುಧಗಳು ಉಡುಗೊರೆಯಾದವು. ಕಾರ್ನ್‌ವಾಲಿಸ್ ಆ ದಿನ ಶ್ರೀರಂಗಪಟ್ಟಣದಲ್ಲಿರಲಿಲ್ಲ, ಐರ್ಲೆಂಡಿನಲ್ಲಿ ಅಧಿಕಾರದಲ್ಲಿದ್ದ. 1805ರಲ್ಲಿ ಮತ್ತೆ ಗವರ್ನರ್ ಜನರಲ್ ಆಗಿ ಬಂದು, ಕೆಲವೇ ತಿಂಗಳಲ್ಲಿ ಗಾಜಿಪುರದಲ್ಲಿ ತೀರಿಕೊಂಡ. ಮಕ್ಕಳನ್ನು ಒತ್ತೆ ಇಟ್ಟುಕೊಂಡವನಿಗೆ, ಮಕ್ಕಳು ಒತ್ತೆಯಿದ್ದ ಕಾಲದಲ್ಲಿ ತಯಾರಾದ ಬಂದೂಕು. ಕೊಟ್ಟವರು ಯಾರೂ ಇದನ್ನು ಯೋಚಿಸಿರಲಿಕ್ಕಿಲ್ಲ.

ದೇವನಹಳ್ಳಿಯ ಮಂಟಪದ ನೆರಳಲ್ಲಿ ಕೂತು ನಾವು ಮಾತಾಡಿದ್ದು ಮುಖ್ಯವಾಗಿ ಒಂದೇ ವಿಷಯ. ಬಂದೂಕನ್ನು ಅವರು ತಗೊಂಡು ಹೋದರು, ಸರಿ. ಆದರೆ ಬಂದೂಕು ಮಾಡುವ ವಿದ್ಯೆ? ಅದನ್ನು ಯಾರೂ ಹಡಗಿಗೆ ಹಾಕಲಿಲ್ಲವಲ್ಲ, ಅದೆಲ್ಲಿ ಹೋಯಿತು? ಅಸದ್ ಖಾನನ ಮಕ್ಕಳು, ಶಿಷ್ಯರು ಆಮೇಲೆ ಏನು ಮಾಡಿದರು?

ನಮಗೆ ತೋಚಿದ ಉತ್ತರ ಇಷ್ಟು. ಆ ಕಾರ್ಖಾನೆಗಳಿಗೆ ಗಿರಾಕಿ ಒಬ್ಬನೇ, ಅರಸ. ಹಣ ಅವನದು, ಆಸಕ್ತಿ ಅವನದು, ಮಾದರಿ ಅವನು ಒಪ್ಪಬೇಕು. ಅವನು ಬಿದ್ದ ದಿನ ಕೆಲಸಕ್ಕೆ ಅರ್ಥ ಉಳಿಯಲಿಲ್ಲ. ಗೆದ್ದವರಿಗೆ ಮೈಸೂರಿನಲ್ಲಿ ಒಳ್ಳೆ ಬಂದೂಕು ತಯಾರಾಗುವುದು ಬೇಕಿರಲಿಲ್ಲ. ನಗರದ ಹಳೇ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಅಷ್ಟು ಮಾಡಿದವರಿದ್ದರು, ಅದನ್ನು ಮುಂದುವರಿಸುವವರು ಇರಲಿಲ್ಲ. ಶ್ರೀರಂಗಪಟ್ಟಣದ ಶಸ್ತ್ರಾಗಾರದ ಕಟ್ಟಡವೊಂದನ್ನು 2017ರಲ್ಲಿ ರೈಲ್ವೆ ಜೋಡಿ ಹಳಿಗಾಗಿ ಜ್ಯಾಕ್ ಕೊಟ್ಟು ಎತ್ತಿ ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಕಟ್ಟಡವನ್ನು ಉಳಿಸಿಕೊಳ್ಳಬಹುದು, ಅದು ನಮ್ಮ ಸಿವಿಲ್‌ನವರ ಕೆಲಸ. ಕೈಯಲ್ಲಿದ್ದ ಕಸುಬನ್ನು ಹಾಗೆ ಎತ್ತಿಡೋಕೆ ಬರೋದಿಲ್ಲ.

ಆದರೆ ಇದೇ ಟಿಪ್ಪು ಇನ್ನೊಂದು ಕೆಲಸವನ್ನೂ ಮಾಡಿಸಿದ್ದ. ಬಂಗಾಳದಿಂದ ರೇಷ್ಮೆ ಹುಳು ತರಿಸಿ, ಹಿಪ್ಪುನೇರಳೆ ಹಾಕಿಸಿ, ಹುಳು ಸಾಕೋದನ್ನು ಕಲಿಸಿದ. ಅದು ಅರಮನೆಯ ಒಳಗೆ ಉಳಿಯಲಿಲ್ಲ. ರೈತರ ಮನೆಗೆ ಹೋಯಿತು, ಹೆಂಗಸರ ಕೈಗೆ ಹೋಯಿತು. ಅರಸ ಹೋದ, ಕಂಪನಿ ಹೋಯಿತು, ಹುಳು ಮಾತ್ರ ಸೊಪ್ಪು ತಿನ್ನುತ್ತಲೇ ಇತ್ತು. ಇವತ್ತು ದೇವನಹಳ್ಳಿ ತಾಲ್ಲೂಕಿನ ವಿಜಯಪುರ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ಗೂಡು ಹರಾಜಾಗುವಾಗ ಯಾರೂ ಟಿಪ್ಪುವಿನ ಹೆಸರು ಹೇಳೋದಿಲ್ಲ, ಹೇಳಬೇಕಾಗಿಯೂ ಇಲ್ಲ.

ಒಬ್ಬನೇ ಮನುಷ್ಯ ಮಾಡಿಸಿದ ಎರಡು ಕೆಲಸಗಳಿಗೂ ಈಗ ಹರಾಜು ನಡೆಯುತ್ತದೆ. ಒಂದು ಲಂಡನ್ನಿನಲ್ಲಿ, ಯಾವಾಗಲೋ ಒಮ್ಮೆ, ಕೋಟಿ ಲೆಕ್ಕದಲ್ಲಿ. ಇನ್ನೊಂದು ವಿಜಯಪುರದಲ್ಲಿ, ಕಿಲೋ ಲೆಕ್ಕದಲ್ಲಿ. ನಾವು ಈಗ ಕಲಿಯುತ್ತಿರುವ ವಿದ್ಯೆ ಮುಂದೆ ಯಾವ ಹರಾಜಿಗೆ ಸೇರಬೇಕು ಅಂತ ಫೈನಲ್ ಇಯರ್ ಪ್ರಾಜೆಕ್ಟ್ ಆರಿಸುವ ಮೊದಲು ಒಮ್ಮೆ ಯೋಚಿಸಬಹುದು.

ಬಸ್ ಬರೋಕೆ ಇನ್ನೂ ಹೊತ್ತಿತ್ತು. ಊರಿನ ಚಕ್ಕೋತ ಹಣ್ಣು ಒಂದನ್ನು ಕೊಂಡು, ಸುಲಿದು, ಐದಾರು ಜನ ಹಂಚಿಕೊಂಡು ತಿಂದೆವು. ಅಸದ್ ಖಾನ್ ಮುಹಮ್ಮದ್ ಎಂಬ ಹೆಸರನ್ನು ಮರೆಯಬಾರದು ಅಂತ ಒಬ್ಬರು ಫೋನಿನಲ್ಲಿ ಬರೆದಿಟ್ಟುಕೊಂಡರು. ಈ ಲೇಖನ ಶುರುವಾಗಿದ್ದು ಆ ಸಾಲಿನಿಂದ.